ಬಚ್ಚಲ ಇರುವೆ

ಮಂಗಳವಾರ ಬೆಳಿಗ್ಗೆ ಐರಿನ್ ಕರೆದಳು,
"ಇಲ್ಲಿ ಬನ್ನಿ ಒಮ್ಮೆ, ಇದೆಂತ ನೋಡಿ."
ಬಚ್ಚಲ ತೂತಿನ ಸುತ್ತ ಇರುವೆ,
ಕಪ್ಪು ದಾರ ಹೊಲಿದ ಹಾಗೆ ಗೋಡೆಯವರೆಗೆ.

ಬೋಳಾರದ ಹಿತ್ತಿಲಲ್ಲಿ
ಅಪ್ಪ ಕೂತು ಎದ್ದ ಜಾಗಕ್ಕೆ ಇರುವೆ ಮುತ್ತಿದ್ದು ಕಂಡು
ಡಾಕ್ಟರಿಗಿಂತ ಆರು ತಿಂಗಳು ಮೊದಲೇ ಅಮ್ಮ ಹೇಳಿದ್ದಳು:
"ನಿಮ್ಮಲ್ಲಿ ಸಕ್ಕರೆ ನಿಲ್ಲುತ್ತಿಲ್ಲ."
ಅಪ್ಪ ನಕ್ಕರು. ಮತ್ತೆ ಕಾಲ್ಬೆರಳು ಹೋಯಿತು,
ಮತ್ತೆ ಪಾದ,
ಮತ್ತೆ ನಗು.

ಮಾತ್ರೆಯ ಚೀಟಿ ಹಿಡಿದು ಕಂಕನಾಡಿಗೆ ಓಡಿದೆ.
"ಇರುವೆ ಬಂದವಾ?" ಡಾಕ್ಟರ್ ಮುಬೀನಾ ಹಿಗ್ಗಿದರು,
"ಹಾಗಾದರೆ ಮಾತ್ರೆ ಕೆಲಸ ಮಾಡ್ತಾ ಉಂಟು.
ನಿಮ್ಮದು ಎಂತ ಕೆಲಸ?"
ಹಳೆಬಂದರಿನಲ್ಲಿ ಮೂವತ್ತೊಂದು ವರ್ಷ
ಲಕ್ಷದ್ವೀಪದ ಮಂಜಿಗಳಿಗೆ ಏರುವ ಮೂಟೆ ಎಣಿಸಿದವ, ಎಂದೆ.
"ಸುಲಭವಾಯಿತು," ಎಂದರು.

ಮೂತ್ರಪಿಂಡದೊಳಗೊಂದು ಧಕ್ಕೆ.
ರಕ್ತದಿಂದ ಸೋಸಿ ಇಳಿದ ಸಕ್ಕರೆ
ದಿನಕ್ಕೆ ನೂರ ಎಂಬತ್ತು ಗ್ರಾಂ
ಹರಿವ ನೀರಲ್ಲಿ ಊರು ಬಿಡಲು ಹೊರಟಿರುತ್ತದೆ.
ದಂಡೆಯಲ್ಲಿ ಹಮಾಲರು. ಅವರದ್ದೊಂದು ಹಟ:
ಬರೀ ಸಕ್ಕರೆ ಹೊರುವುದಿಲ್ಲ.
ಒಂದು ಹೆಗಲಿಗೆ ಉಪ್ಪು ಬಿದ್ದ ಮೇಲೆಯೇ
ಇನ್ನೊಂದು ಹೆಗಲು ಸಕ್ಕರೆಗೆ ಬಾಗುವುದು.
ಎರಡೂ ಬಿದ್ದವೋ, ಈಚೆ ಬಾಗಿಲು ಮುಚ್ಚಿ
ಆಚೆ ಬಾಗಿಲು ತೆರೆದು ಒಳಗೆ ಕೆಡವಿ
ಬರಿಗೈಲಿ ತಿರುಗಿ ನಿಲ್ಲುತ್ತಾರೆ.

ಉಪ್ಪಿಗೇಕೆ ಅಷ್ಟು ಆತುರ?
ಹಿಂಬಾಗಿಲಲ್ಲಿ ಒಬ್ಬ ಇದ್ದಾನೆ,
ಸೋರುವ ದೋಣಿಯ ನೀರು ಮೊಗೆಯುವವನ ಹಾಗೆ
ಹಗಲೂ ರಾತ್ರಿ ಉಪ್ಪನ್ನು ಹೊರಗೆ ಎಸೆಯುತ್ತ.
ಒಳಗೆ ಉಪ್ಪಿನ ಬರ, ಬರವಿದ್ದಲ್ಲಿಗೆ ಉಪ್ಪು ನುಗ್ಗುತ್ತದೆ,
ಸಕ್ಕರೆ ಅದರ ಬೆನ್ನು ಹತ್ತಿ.
ಬೆವರು ಅವನದು. ಲೆಕ್ಕದ ಪುಸ್ತಕದಲ್ಲಿ
ಇಂಥವರ ಹೆಸರು ನಾನೂ ಬರೆದದ್ದಿಲ್ಲ.

ಕೇಳುತ್ತ ಕೇಳುತ್ತ ನೆನಪಾದದ್ದು ಪೇಜ್.
ವಾಂತಿಭೇದಿಯ ವರ್ಷ ತಮ್ಮ ಬೊನಿಫಾಸ್
ಗೋಣಿಯ ಮೇಲೆ ಒಣ ಬಂಗುಡೆಯಂತೆ ಬಿದ್ದಿದ್ದ,
ಕುಡಿದ ನೀರು ನೀರಾಗಿಯೇ ಹೋಗುತ್ತಿತ್ತು.
ಅಮ್ಮ ಕುಚ್ಚಲಕ್ಕಿಯ ತಿಳಿಗೆ ಚಿಟಿಕೆ ಉಪ್ಪು ಹಾಕಿ
ಚಮಚ ಚಮಚ ರಾತ್ರಿಯಿಡೀ ಕುಡಿಸಿದಳು.
ಬೆಳಗಾಗುವಾಗ ಅವನು ಅತ್ತ, ಕಣ್ಣಲ್ಲಿ ನೀರಿತ್ತು.
ಕರುಳಲ್ಲೂ ಅದೇ ಕುಲದ ಹಮಾಲ, ತುಸು ದುಬಾರಿ,
ಸಕ್ಕರೆ ಒಂದಕ್ಕೆ ಉಪ್ಪು ಎರಡು ಅವನ ರೇಟು.
ಅವು ದಾಟಿದವೆಂದರೆ ನೀರು ಹಿಂದೆಯೇ ದಾಟುತ್ತದಂತೆ.
ಅಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ.

"ಹಾಗಾದರೆ ರೋಗ ಯಾರ ತಪ್ಪು?"
"ಈ ಹಮಾಲನದ್ದಲ್ಲ. ಅವನ ನಿಯತ್ತೇ ತೊಂದರೆ.
ರಕ್ತದಲ್ಲಿ ಸಕ್ಕರೆ ಉಕ್ಕಿ ಹರಿಯುವಾಗಲೂ
ಒಂದು ಕಾಳು ನಷ್ಟವಾಗಬಾರದೆಂದು
ಇನ್ನಷ್ಟು ಆಳು ಸೇರಿಸಿ ಮತ್ತೆ ಒಳಕ್ಕೇ ಹೊರುತ್ತಾನೆ."
ಮಾತ್ರೆ ಹೋಗಿ ಅವನ ಹೆಗಲ ಮೇಲೆ ಕೂರುತ್ತದೆ,
ಹೋಗಲಿ ಬಿಡು ಮಾರಾಯ, ಅನ್ನುತ್ತದೆ.
ಸಕ್ಕರೆ ಹೋಗುತ್ತದೆ, ಒಂದಿಷ್ಟು ಉಪ್ಪು ನೀರೂ.
ನನ್ನ ಪಾದದ ಬಾವು ಇಳಿದದ್ದು, ಮೆಟ್ಟಿಲೇರಿದರೆ
ಎದೆ ಮೊದಲಿನಂತೆ ಬಡಿದುಕೊಳ್ಳದಿರುವುದು
ಆ ಲೆಕ್ಕದಲ್ಲೇ ಇರಬಹುದು.
"ಆದರೆ ನೀರು ಕುಡಿಯಿರಿ. ತುರಿಕೆ ಬಂದರೆ ನಾಚದೆ ಹೇಳಿ.
ವಾಂತಿಯಾಗಿ ಊಟ ಬಿಟ್ಟ ದಿನ
ಮಾತ್ರೆ ನುಂಗದೆ ನನಗೆ ಫೋನ್ ಮಾಡಿ."

ಮನೆಗೆ ಬಂದು ಐರಿನ್‌ಗೆ ಎಲ್ಲ ವಿವರಿಸಿದೆ,
ಹಮಾಲ, ಹಿಂಬಾಗಿಲು, ರೇಟು.
ಪೂರ್ತಿ ಕೇಳಿದಳು.
"ಸರಿ, ನಾಳೆಯಿಂದ ಎರಡು ಚೆಂಬು ನೀರು ಜಾಸ್ತಿ ಹೊಯ್ಯಿರಿ."

ಒಂದು ಚೆಂಬು ಹೊಯ್ದೆ.
ಎರಡನೆಯದನ್ನು ಹಿಡಿದು ಸ್ವಲ್ಪ ಹೊತ್ತು ನಿಂತೆ,
ಗೋಡೆ ಹತ್ತುತ್ತಿದ್ದವು
ಹತ್ತಿ ಮುಗಿಸಲಿ ಎಂದು.