ಇಪ್ಪತ್ಮೂರು ಲೀಟರು

ಪೆಟ್ಟಿಗೆಯ ಮೇಲೆ ಬರೆದಿತ್ತು: ಇಪ್ಪತ್ಮೂರು ಲೀಟರು.
ನನ್ನ ಬಸ್ಸಿನಲ್ಲಿ ನಲವತ್ತೊಂಬತ್ತು ಸೀಟು,
ನಿಂತವರ ಲೆಕ್ಕ ಬೇರೆ.
ಎಣಿಸುವುದೇ ಕಸುಬಾದವನಿಗೆ
ಅಂಕಿ ಕಂಡರೆ ಧೈರ್ಯ.

ಕೊಟ್ಟದ್ದು ಅಮ್ಮತ್ತಿಯ ಹೋಮ್‌ಸ್ಟೇ ಪೊನ್ನಕ್ಕ.
'ಯಾರೋ ಅತಿಥಿ ಬಿಟ್ಟು ಹೋದದ್ದು, ಬಿಯರ್ ಮಾಡುವ ಕಿಟ್ಟಂತೆ.
ಎರಡು ತಿಂಗಳಲ್ಲಿ ಡೇಟು ಮುಗಿಯುತ್ತೆ, ನೀವೇ ಏನಾದರೂ ಮಾಡಿ'
ಅಂತ ಫುಟ್‌ಬೋರ್ಡಿಗೆ ತಳ್ಳಿದಳು.
ಲಗೇಜು ಟಿಕೆಟ್ಟು ಹರಿದು ನಾನೇ ದುಡ್ಡು ಹಾಕಿದೆ.

ಒಳಗೆ, ಮುಚ್ಚಳಕ್ಕೆ ತೂತಿರುವ ಬಕೆಟ್ಟು.
ಕಾಚಂಪುಳಿಯಷ್ಟು ಕಪ್ಪು ಮಾಲ್ಟಿನ ಡಬ್ಬ.
ಗಾಳದ ಬೆಂಡಿನಂತೆ ತೇಲುವ ಗಾಜಿನ ಕಡ್ಡಿ.
ಒಂದು ಪೊಟ್ಟಣ ಯೀಸ್ಟು, ಇರುವೆ ಮೊಟ್ಟೆಯಷ್ಟು ಸಣ್ಣ ಕಾಳು.
ಮತ್ತೊಂದು ಕಾಗದ: ಮೊದಲು ತೊಳೆಯಿರಿ.
ತೊಳೆದಾದ ಮೇಲೆ, ತೊಳೆಯಿರಿ.

ದೇಚವ್ವನಿಗೆ ನಗು. ಅವಳ ವೈನಿಗೆ ಕಾಗದವಿಲ್ಲ;
ನೆಲ್ಲಿಕಾಯಿ, ಸಕ್ಕರೆ, ಭರಣಿ, ಮೂಗು.
'ಬಕೆಟ್ಟಿಗೂ ಥರ್ಮಾಮೀಟರಾ? ಜ್ವರವಾ ಅದಕ್ಕೆ?'
ನಾನು ಮಾತಾಡಲಿಲ್ಲ. ಹೆರಿಗೆ ಕೋಣೆಯ ನರ್ಸಿನ ಹಾಗೆ
ಮೊಣಕೈವರೆಗೆ ತೊಳೆದುಕೊಂಡೆ.
ಬಿಸಿನೀರಲ್ಲಿ ಕೂತ ಡಬ್ಬ ಸಡಿಲವಾಯಿತು. ಬಗ್ಗಿಸಿದೆ.
ಸುರಿಯಿತು ಅನ್ನಲಾರೆ;
ಇಳಿಯಲೊಲ್ಲದ ಮುದುಕನೊಬ್ಬ ಕೊನೆಯ ಸ್ಟಾಪಿನಲ್ಲಿ
ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ ಹಾಗೆ.

ಸಕ್ಕರೆ. ಆಮೇಲೆ ತಣ್ಣೀರು, ಗೆರೆ ಮುಟ್ಟುವ ತನಕ.
ಇಪ್ಪತ್ತೆರಡು ಡಿಗ್ರಿಗೆ ಯೀಸ್ಟು ಉದುರಿಸಿ, ಮುಚ್ಚಿ,
ಏರ್‌ಲಾಕಿಗೆ ಒಂದು ಗುಟುಕು ನೀರು ಹೊಯ್ದು
'ರೈಟ್' ಅಂದೆ.

ಹೊರಡಲಿಲ್ಲ.

ವಿರಾಜಪೇಟೆಯ ಬಾಡಿಗೆ ಮನೆಗೆ ಕನ್ನಿಕೊಂಬರೆ ಎಲ್ಲಿಯದು?
ನೈಋತ್ಯಕ್ಕೊಂದು ಸಾಮಾನಿನ ಕೋಣೆ,
ಗೋಡೆಯಲ್ಲಿ ಅಜ್ಜ ಮೇದಪ್ಪನ ಫೋಟೋ, ಕೆಳಗೆ ದೀಪ.
ಮನೆಗೆಲ್ಲ ತಂಪು ಜಾಗ ಅದೊಂದೇ.
ಬಕೆಟ್ಟು ಅಲ್ಲಿಟ್ಟದ್ದು ಭಕ್ತಿಯಿಂದಲ್ಲ,
ಡಿಗ್ರಿಯಿಂದ.

ಎರಡು ರಾತ್ರಿ ಟಾರ್ಚು ಹಿಡಿದು ಎದ್ದೆದ್ದು ಹೋದೆ.
ನಾನು ಬಕೆಟ್ಟು ನೋಡಿದೆ, ಅಜ್ಜ ನನ್ನನ್ನು ನೋಡಿದ.
ಕಾಗದ ಹೇಳುತ್ತಿತ್ತು: ತೆರೆಯಬೇಡಿ.
ಮೂರನೆಯ ಬೆಳಿಗ್ಗೆ, ಹಲ್ಲುಜ್ಜುತ್ತಲೇ ಬಂದಳು ದೇಚವ್ವ,
'ಮುಚ್ಚಳ ಓರೆ ಕೂತಿದೆ' ಅಂದಳು.
ಅಂಗೈಯಿಂದ ಒಂದು ಗುದ್ದು.

ಗುಳಕ್.

ಆಮೇಲೆ ನಿಲ್ಲಲೇ ಇಲ್ಲ. ನಿಮಿಷಕ್ಕೆ ಹದಿನಾಲ್ಕು,
ಮಲಗಿದಲ್ಲಿಂದಲೇ ಎಣಿಸಿದೆ.
ಕತ್ತಲಲ್ಲಿ ಯಾರೋ ಹತ್ತುತ್ತಿದ್ದಾರೆ, ಯಾರೋ ಇಳಿಯುತ್ತಿದ್ದಾರೆ,
ಒಬ್ಬರಿಗೂ ಚಿಲ್ಲರೆ ಬಾಕಿಯಿಲ್ಲ.
ಇಪ್ಪತ್ತು ವರ್ಷದ ಸರ್ವಿಸಿನಲ್ಲಿ
ನಾನು ಎಣಿಸುತ್ತಾ ನಿದ್ದೆ ಹೋದದ್ದು ಅದೇ ಮೊದಲು.

ಕಕ್ಕಡ ಹದಿನೆಂಟು. ಒಲೆಯ ಮೇಲೆ ಮದ್ದುಸೊಪ್ಪಿನ ನೇರಳೆ ಪಾಯಸ,
ನೆಲದ ಮೇಲೆ ಮೂವತ್ತನಾಲ್ಕು ಬಾಟಲಿ.
ಒಂದೊಂದಕ್ಕೂ ಚೂರು ಸಕ್ಕರೆ; ನಾನು ಚಮಚದಲ್ಲಿ,
ಅವಳು ಕಣ್ಣಳತೆಯಲ್ಲಿ.
ತಳದಲ್ಲುಳಿದದ್ದು ನೆಕ್ಕಿ ನೋಡಿದೆವು:
ಗ್ಯಾಸಿಲ್ಲ. ಕಹಿ. ಹಿಂದೆಲ್ಲೋ ಒದ್ದೆ ರಟ್ಟಿನ ರುಚಿ.
'ಶುಂಠಿ ಹಾಕಬಹುದಿತ್ತು' ಅಂದಳು, ಬೇಸರವಿಲ್ಲದೆ.
ಮುಂದಿನ ವಾರ ನಡುರಾತ್ರಿ ಒಂದು ಬಾಟಲಿ ಸಿಡಿಯಿತು.
ಅದಕ್ಕೆ ಸಕ್ಕರೆ ಹಾಕಿದವರು ಯಾರೆಂಬುದು
ಇನ್ನೂ ತನಿಖೆಯಲ್ಲಿದೆ.

ಕೈಲ್‌ಪೊಳ್ದಿನ ದಿನ ಅಜ್ಜನಿಗೆ ಮೀದಿ.
ಎಲೆಯಲ್ಲಿ ಕಡಂಬಿಟ್ಟು, ಪಂದಿಕರಿ,
ಬದುಕಿಡೀ ರಮ್ಮು ಬಿಟ್ಟು ಬೇರೆ ಮುಟ್ಟದವನ ಮುಂದೆ
ನನ್ನದೊಂದು ಲೋಟ, ಅಂಚಿನ ತನಕ, ಬಿಳಿ ಟೋಪಿ ಹಾಕಿಕೊಂಡು.
ಬಾಗಿಲು ಓರೆ ಮಾಡಿ ಹೊರಗೆ ನಿಂತೆವು.
ನನ್ನ ಮೊದಲ ಡ್ಯೂಟಿಯ ದಿನ
ಚೆಕಿಂಗಿನವರು ಹತ್ತಿದಾಗಲೂ ಇಷ್ಟು ಹೆದರಿರಲಿಲ್ಲ.

ತೆರೆದರೆ, ಲೋಟ ಮೂರು ಬೆರಳು ಖಾಲಿ.

'ನೊರೆ ಇಳಿದದ್ದು' ಅಂದೆ.
ದೇಚವ್ವ ಉತ್ತರಿಸಲಿಲ್ಲ.
ಬಾಟಲಿ ಬಗ್ಗಿಸಿ,
ಕಣ್ಣಳತೆಯಲ್ಲಿ,
ಮತ್ತೆ ತುಂಬಿದಳು.