ಬಿಣಗಾ ಟಿಕೆಟ್

ಹುಬ್ಬಳ್ಳಿ ಬಸ್ಸಿಗೆ ಬಿಣಗಾದವರು ಹತ್ತಿದರೆ
ಮುಖ ಗಂಟಿಕ್ಕುತ್ತಿದ್ದೆ ನಾನು.
ಐದು ಕಿಲೋಮೀಟರಿಗೊಂದು ಬ್ರೇಕು, ಒಂದು ಸೀಟಿ,
ಚಿಲ್ಲರೆಯ ಜಗಳ.

ಈಗ ನನ್ನದೇ ತಖ್ತೆಯೊಳಗೆ,
ಡಿಸೆಂಬರಿನ ನಲವತ್ತೆರಡರ ದಾರಿ ನಡುವೆ,
ಪೆಡ್ನೇಕರ್ ಮಾಸ್ತರರು
ಹತ್ತರದೊಂದು ಓಟ ಹತ್ತಿಸಿದ್ದಾರೆ.
"ಗೆಲ್ಲಲಿಕ್ಕಲ್ಲ ಮಾರಾಯ,
ಕಾಲಿಗೆ ಗಡಿಬಿಡಿಯ ರುಚಿ ಗೊತ್ತಾಗಲಿಕ್ಕೆ.
ಮುಂಚೆ ಆರು ಓಡು, ಆಮೇಲೆ ಹದಿನಾರು.
ಮೂವತ್ತೆರಡರ ಲೆಕ್ಕ ತಪ್ಪಬಾರದು."

ಲೆಕ್ಕ ತಪ್ಪಿದರೆ ಕೈಯಿಂದ ಕಟ್ಟುವವ ನಾನು.

ಕೋಡಿಬಾಗದಲ್ಲಿ ಇನ್ನೂ ಕತ್ತಲಿರುವಾಗಲೇ
ಆರು ಮುಗಿಸಿ, ಬೆವರಿ,
ಕಡಲ ದಂಡೆಯ ಗೆರೆಗೆ ಬಂದು ನಿಂತೆ.
ಪಿಸ್ತೂಲು ಸಿಡಿದದ್ದೇ ತಡ
ಮಾಸ್ತರರ ಮಾತು ಮರಳಿಗೆ ಬಿತ್ತು.
ಬರಿಗಾಲ ಹುಡುಗಿಯೊಬ್ಬಳ ಬೆನ್ನು ಹಿಡಿದು
ಎಂಟರವರೆಗೂ ಹಾರಿದೆ.
ಆಮೇಲೆ ಅವಳು ಹೋದಳು,
ಕೈ ತೋರಿಸಿದರೂ ನಿಲ್ಲದ ಎಕ್ಸ್‌ಪ್ರೆಸ್ಸಿನ ಹಾಗೆ.

ಪದಕ ಕೊಟ್ಟರು, ಅವಲಕ್ಕಿ ಕೊಟ್ಟರು.
ಎಲ್ಲ ಫೋಟೊಕ್ಕೆ ನಿಂತಾಗ
ನಾನು ಹೆದ್ದಾರಿಗೆ ಹೊರಳಿದೆ.
ಕಾಲು ಕಲ್ಲು. ಹದಿನಾರು ಬಾಕಿ.
ಎದೆಯ ನಂಬರು ಚೀಟಿ ಲಾರಿಗಳ ಗಾಳಿಗೆ ಪಟಪಟ.
ಬೈತಖೋಲದ ತಿರುವಿನಲ್ಲಿ
ಬುಟ್ಟಿ ಇಳಿಸುತ್ತಿದ್ದ ಮೀನು ಮಾರುವ ಬಾಯಿ ಕೂಗಿದಳು:
"ತಮಾ, ಓಟ ಆಗ್ಲೇ ಮುಗ್ದೋಯ್ತು! ದಾರಿ ತಪ್ತಾ?"

ನಗಲು ಉಸಿರಿರಲಿಲ್ಲ.
ಜೇಬಿನಲ್ಲಿ ಪದಕ
ಮನೆಯ ಬೀಗದ ಕೈಗೆ ತಾಗಿ ತಾಗಿ
ಚಿಲ್ಲರೆಯಂತೆ ಸದ್ದು ಮಾಡುತ್ತಿತ್ತು.
ಏರು. ಇನ್ನೊಂದು ಏರು.
ಬಿಣಗಾ ಬಂತು.
ಇಳಿಯುವವರು ಯಾರೂ ಇಲ್ಲ.
ರೈಟ್, ರೈಟ್.