ಗೂಡು ನಲವತ್ತೊಂದು

ನಸುಕಿನಲ್ಲಿ ಮರಳ ಮೇಲೆ ಎರಡು ಜಾಡು.
ಎರಡೂ ಕಡಲಿನಿಂದ ಬಂದಿದ್ದವು,
ಎರಡೂ ರಾತ್ರಿಯೇ, ದೀಪವಿಲ್ಲದೆ.
ಒಂದು ಉಕ್ಕಿನ ಗಾಡಿಯದು,
ಹೊಟ್ಟೆ ತುಂಬ ಹುಡುಗರನ್ನು ಹೊತ್ತು
ಅಲೆ ಸೀಳಿ ದಡ ಹತ್ತಿದ್ದು.
ಇನ್ನೊಂದೂ ಹೊಟ್ಟೆ ತುಂಬ ಹೊತ್ತೇ ಬಂದಿತ್ತು.
ಹೋಗುವಾಗ ಹಗುರಾಗಿ ಹೋಗಿದೆ,
ಮರಳಿಗೆ ಗೊತ್ತಾಗಿದೆ.

ಉತ್ತರ ಕೆರೊಲಿನಾ, ಆನ್ಸ್ಲೋ ದಂಡೆ, ಜೂನ್.
ದಿಬ್ಬದ ಹುಲ್ಲಿನಾಚೆ ಕೆಂಪು ಬಾವುಟ:
ಇವತ್ತೂ ಗುಂಡು ಹಾರುತ್ತದೆ.
ನನ್ನ ಕೆಲಸ ದೊಡ್ಡದೇನಲ್ಲ.
ಮೆರೀನ್ ದಳ ಇಳಿಯುವ ಜಾಗದಿಂದ
ಆಮೆಯ ಮೊಟ್ಟೆ ಎತ್ತಿ
ಬೇರೆ ಕಡೆ ಹೂಳುವುದು.
ಸಂಬಳ ಕೊಡುವವರೂ ಅವರೇ.
ಅವರ ಉಪ್ಪು ತಿಂದು
ಉಪ್ಪುನೀರಿನ ಲೆಕ್ಕ ಬರೆಯುತ್ತೇನೆ.

ಆ ದಿನ ಸಹಾಯಕ್ಕೆ ಕೊಟ್ಟವನು
ಲ್ಯಾನ್ಸ್ ಕಾರ್ಪೊರಲ್ ಪ್ರೂಯಿಟ್.
ಹತ್ತೊಂಬತ್ತು ವರ್ಷ. ನೆಬ್ರಾಸ್ಕಾದ ಜೋಳದ ಸೀಮೆ.
ಸಮವಸ್ತ್ರ ತೊಡುವವರೆಗೂ ಕಡಲು ಕಂಡವನಲ್ಲ.
'ತಿರುಗಿಸಬೇಡ' ಅಂದೆ.
'ತಾಯಿ ಇಟ್ಟಾಗ ಯಾವ ಮಗ್ಗುಲು ಮೇಲಿತ್ತೋ
ಅದೇ ಮೇಲಿರಲಿ. ಉರುಳಿದರೆ ಒಳಗಿನದು ಉಳಿಯುವುದಿಲ್ಲ.'
ಕೈಬಾಂಬು ಹಿಡಿದು ಪಳಗಿದ ಬೆರಳು
ಒಂದೊಂದೇ ಎತ್ತಿದವು, ನೂರಾ ಹದಿನಾಲ್ಕು.
'ಪಿಂಗ್‌ಪಾಂಗ್ ಚೆಂಡಿನ ಹಾಗಿದೆ' ಅಂದ.
ಸ್ವಲ್ಪ ತಡೆದು,
'ಅಲ್ಲ. ಇದು ಬೆಚ್ಚಗಿದೆ.'

ಮರಳು ಕಾದರೆ ಹುಟ್ಟುವುದೆಲ್ಲ ಹೆಣ್ಣು,
ಈಚಿನ ಬೇಸಿಗೆಗಳಲ್ಲಿ ಗಂಡು ಹುಡುಕಬೇಕು ಅಂದಾಗ
'ನಮ್ಮ ಪ್ಲಟೂನಿಗೆ ತದ್ವಿರುದ್ಧ' ಎಂದು ನಕ್ಕ.
ನಾನೂ ನಕ್ಕೆ.
ಥರ್ಮಾಮೀಟರು ನಗಲಿಲ್ಲ.

ಮಾರ್ಚಿನದು ಅವನಿಗೆ ಹೇಳಲಿಲ್ಲ.
ಆಗ ಇದೇ ದಡಕ್ಕೆ
ಕೊಕ್ಕಿನ ತಿಮಿಂಗಿಲವೊಂದು ಬಂದು ಮಲಗಿತ್ತು.
ಮೈಮೇಲೆ ಗಾಯವಿಲ್ಲ, ಬಲೆಯ ಗೀರಿಲ್ಲ,
ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕೂ ಇಲ್ಲ.
ಕಿವಿಯ ಬಳಿ ಮಾತ್ರ ರಕ್ತ ಹೆಪ್ಪುಗಟ್ಟಿತ್ತು.
'ಕಾರಣ ತಿಳಿದಿಲ್ಲ' ಎಂದು ಬರೆದು ಸಹಿ ಹಾಕಿದೆ.
ಆ ವಾರ ಹೊರಗಡಲಿನಲ್ಲಿ ಹಡಗುಗಳು
ನೀರೊಳಗೆ ಏನು ಕೂಗುತ್ತಿದ್ದವೋ
ನನಗೆ ಕೇಳಿಸಲಿಲ್ಲ.
ನಾನು ಕೇಳಲೂ ಇಲ್ಲ.

ಆಗಸ್ಟ್. ಅಮಾವಾಸ್ಯೆಯ ಕವಾಯತು.
ಸೆಳೆತಕ್ಕೆ ಸಿಕ್ಕ ಗಾಡಿಗಳು
ನನ್ನ ಗುರುತಿನ ಕಂಬ ದಾಟಿ
ದಕ್ಷಿಣಕ್ಕೆ ಬಂದು ದಡ ಹತ್ತಿದವು.
ಅದೇ ಗಳಿಗೆಗೆ ನಲವತ್ತೊಂದನೆಯ ಗೂಡು
ಕುದಿಯುವ ಅನ್ನದಂತೆ ಉಕ್ಕಿತು.
ಯಾರೋ ಬೆಳಕಿನ ಬಾಣ ಹಾರಿಸಿದರು.
ಕಡಲೇ ಹೊಳೆಯುತ್ತದೆಂದು ನಂಬಿ ಹುಟ್ಟಿದವು
ದಿಬ್ಬದ ಕಡೆ ತಿರುಗಿದವು.

ಮುಂದಿನದನ್ನು ಪ್ರೂಯಿಟ್ ಹೇಳಲಿಲ್ಲ,
ಅವನ ಮೇಲಿನ ದೂರಿನಲ್ಲಿ ಓದಿದೆ.
ಬೋರಲು ಮಲಗಿದ್ದ ಒಂಬತ್ತು ಜನ
ಆಜ್ಞೆಯಿಲ್ಲದೆ, ಸದ್ದಿಲ್ಲದೆ
ತೆವಳಿ ತೆವಳಿ ಒತ್ತೊತ್ತಾಗಿ ಸೇರಿ
ಬೆಳಕಿಗೂ ಮರಿಗಳಿಗೂ ನಡುವೆ ಅಡ್ಡ ಮಲಗಿದರು.
ಮೈಗಳ ನೆರಳಿನಲ್ಲಿ ಮರಿಗಳು
ಮತ್ತೆ ಕತ್ತಲನ್ನು ಕಂಡುಕೊಂಡವು,
ಕತ್ತಲಿನಿಂದ ಕಡಲನ್ನು.
ಷರಾ: ಸಾಲು ಕೆಡಿಸಿದರು. ಶತ್ರುವಿಗೆ ಸುಲಭ ಗುರಿ.
ದಂಡ: ಹತ್ತು ಮೈಲಿ ಓಟ, ಚೀಲ ಸಮೇತ.

ಬೆಳಿಗ್ಗೆ ಚಿಪ್ಪು ಎಣಿಸಿದೆ.
ಒಡೆದವು ನೂರಾ ಎರಡು.
ನೀರು ಮುಟ್ಟಿದ ಜಾಡು ಎಂಬತ್ತಮೂರು.
ಉಳಿದ ಹತ್ತೊಂಬತ್ತು
ಗಾಡಿಯ ಚಕ್ರದ ಹಳ್ಳದೊಳಗೆ,
ಗೋಡೆ ಹತ್ತಲಾರದೆ, ಉದ್ದಕ್ಕೂ ನಡೆದು ನಡೆದು
ಏಡಿಗಳಿಗೆ ಸಿಕ್ಕಿದ್ದವು.

ಅಕ್ಟೋಬರಿನಲ್ಲಿ ಅವನ ಹಡಗು ಹೊರಟಿತು.
ಎಲ್ಲಿಗೆಂದು ಅವನಿಗೂ ಹೇಳಿರಲಿಲ್ಲ.
'ಅವು ವಾಪಸು ಬರುವುದು ಯಾವಾಗ?'
'ಬದುಕಿದರೆ, ಮೂವತ್ತು ವರ್ಷಕ್ಕೆ. ಇದೇ ದಡಕ್ಕೆ.'
ಬೆರಳು ಮಡಚಿ ಏನೋ ಲೆಕ್ಕ ಹಾಕಿದ,
ಉತ್ತರ ಹೇಳದೆ ಟೋಪಿ ಸರಿಮಾಡಿಕೊಂಡ.

ಸಂಜೆ ಕಚೇರಿಯಲ್ಲಿ ನಾನೊಬ್ಬಳೇ.
ಮಾರ್ಚಿನ ಕಡತ ತೆಗೆದೆ.
'ಕಾರಣ ತಿಳಿದಿಲ್ಲ' ಎಂಬ ಸಾಲಿನ ಪಕ್ಕ
ಪೆನ್ಸಿಲಿನಿಂದ, ಅಳಿಸಲು ಬರುವ ಹಾಗೆಯೇ,
ಒಂದು ಪದ ಸೇರಿಸಿದೆ:
ಕೇಳಿಲ್ಲ.